ತಪ್ಪು ಹಿಡಿಯದ ಪದ್ಯ

ಮಗಳು ನಿಂಕೆಯ ಶಾಲೆಯ ಡಬ್ಬಿಗೆಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ. ಅವಳು ಬಂದು ಬ್ರೆಡ್ಡಿನ ಹಲಗೆಯನ್ನೇ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಕಾಗದಗಳನ್ನು ಹರವಿದಳು. ಐದು ಹಳೆಯವು, ನನ್ನ ಅಪ್ಪ ನೀಲಿ ಶಾಯಿಯಲ್ಲಿ ಬರೆದವು. ಒಂದು ಹೊಸದು, ನಿನ್ನೆ ಸಂಜೆಯದು.

ನಾವು ಹಾಲೆಂಡಿನವರು ಡಿಸೆಂಬರ್ ಐದರ ಸಂಜೆ ಕೊಡುವ ಪ್ರತಿ ಉಡುಗೊರೆಯ ಜೊತೆ ಒಂದು ಪದ್ಯ ಇರಲೇಬೇಕು. ಕೆಳಗೆ, ವರ್ಷವಿಡೀ ಎಲ್ಲರನ್ನೂ ನೋಡುತ್ತಿರುತ್ತಾರೆ ಎನ್ನುವ ಸಂತ ನಿಕೋಲಾಸರ ಸಹಿ. ನಿಜವಾಗಿ ಬರೆದವರು ಬಾಯಿಬಿಡುವುದಿಲ್ಲ. ಪದ್ಯ ಉಡುಗೊರೆ ಪಡೆಯುವವರ ಆ ವರ್ಷದ ಕಳ್ಳಾಟಗಳನ್ನೆಲ್ಲ ಬಯಲಿಗೆಳೆದು ಕಾಲೆಳೆಯಬೇಕು. ಅಪ್ಪನಿಗೆ ಪ್ರಾಸ ಕೂಡುತ್ತಲೇ ಇರಲಿಲ್ಲ. ಆದರೆ ನಿಂಕೆ ಹುರುಳಿಕಾಯಿಯನ್ನು ಹೂಕುಂಡದಲ್ಲಿ ಹೂತದ್ದು, ಪಕ್ಕದ ಮನೆ ನಾಯಿಗೆ ಲಿಪ್‌ಸ್ಟಿಕ್ ಹಚ್ಚಿದ್ದು, ಯಾವುದೂ ಅವರ ಸಂತರ ಕಣ್ಣು ತಪ್ಪುತ್ತಿರಲಿಲ್ಲ.

ಅಪ್ಪ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಿಂಕೆಗೆ ಪ್ರತಿ ವರ್ಷ ಅವರೇ ಬರೆಯುತ್ತಿದ್ದರು; ಈ ಸಲ ಯಾರು ಯಾರಿಗೆ ಬರೆಯಬೇಕೆಂದು ಚೀಟಿ ಎತ್ತಿದಾಗ ನಿಂಕೆಯ ಹೆಸರು ನನಗೆ ಬಂತು. ಮೂರು ಸಲ ಕೂತೆ, ಒಂದು ಸಾಲೂ ಬರಲಿಲ್ಲ. ಕೊನೆಗೆ ಫೋನಿನ ಎಐಗೆ ಹೇಳಿದೆ: ಒಂಬತ್ತು ವರ್ಷದ ಹುಡುಗಿ, ಸ್ಕೇಟಿಂಗ್ ಇಷ್ಟ, ಇಪ್ಪತ್ತು ಸಾಲು. ಇಸ್ತ್ರಿಪೆಟ್ಟಿಗೆ ಕಾಯುವ ಮೊದಲೇ ಪದ್ಯ ಸಿದ್ಧವಾಗಿತ್ತು.

"ಈ ಸಲ ಸಂತರು ಟ್ಯೂಷನ್‌ಗೆ ಹೋಗ್ಬಂದಂಗಿದೆ," ಎಂದು ನಿನ್ನೆ ಪ್ರಾಸ ಎಲ್ಲೂ ತಪ್ಪದ್ದು ಕಂಡು ನನ್ನ ಗಂಡ ಡೌವೆ ನಕ್ಕಿದ್ದ. ನಿಂಕೆ ನಕ್ಕಿರಲಿಲ್ಲ.

"ಇದ್ರಲ್ಲಿ ನಾನು ಬರೀ ಒಳ್ಳೆಯವಳು," ಅಂದಳು ಈಗ.

"ಅಲ್ವೇನೇ ಮತ್ತೆ, ಪುಟ್ಟಿ?"

"ಈಜೋದರ ವಿಷಯ ಎಲ್ಲಿ?"

"ಏನದು?"

"ಆಗಸ್ಟ್‌ನಲ್ಲಿ ನಾಲ್ಕು ವಾರ ಈಜು ಕ್ಲಾಸಿಗೇ ಹೋಗ್ಲಿಲ್ಲ ನಾನು. ಅಜ್ಜನ ಮನೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ಬೀಗ ಹಾಕಿತ್ತು. ಆಮೇಲೆ ತೋಟದ ನಲ್ಲೀಲಿ ಈಜುಡುಪು ಒದ್ದೆ ಮಾಡ್ಕೊಂಡು ಬರ್ತಿದ್ದೆ. ನೀನು ಒಣಗಲು ಹಾಕ್ತಿದ್ದೆ."

ಹೌದು, ಹಾಕಿದ್ದೆ. ಆಸ್ಪತ್ರೆಯಲ್ಲಿದ್ದ ಅಪ್ಪನನ್ನು ನೋಡಿ ಬಂದವಳು ಸೈಕಲ್ಲಿನ ಕೀಲಿಯನ್ನೂ ಕೆಳಗಿಡದೆ ಹಿಂಡಿ ಹಗ್ಗಕ್ಕೆ ಹಾಕಿದ್ದೆ. ಉಡುಪಿಗೆ ಈಜುಕೊಳದ ಕ್ಲೋರಿನ್ ವಾಸನೆಯೇ ಇಲ್ಲವೆಂದು ನಾಲ್ಕು ವಾರವೂ ನನಗೆ ಹೊಳೆದಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಚಿನ್ನಾ?"

"ಹೇಳೋದು ಸಂತರ ಕೆಲಸ ಅಲ್ವಾ? ನಿನ್ನೆ ಸಿಕ್ಕಿಬೀಳ್ತೀನಿ, ಎಲ್ರೂ ನಗ್ತಾರೆ, ನೀನು ಬೈತೀಯ ಅಂತ ಕಾಯ್ತಿದ್ದೆ."

ಬೆಣ್ಣೆಯ ಚಾಕು ನನ್ನ ಕೈಯಲ್ಲೇ ಉಳಿದಿತ್ತು. ಅವಳು ಅಜ್ಜನ ಕಾಗದಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಹೊಸದನ್ನು ಮೇಜಿನ ಮೇಲೆಯೇ ಬಿಟ್ಟಳು.

"ಅಮ್ಮಾ, ಇನ್ಮೇಲೆ ನನ್ನನ್ನ ಯಾರು ನೋಡ್ತಿರ್ತಾರೆ?"