ಕೋಡಿಕಲ್ಲಿನ ಕೆಳಗಿನ ಪಟ್ಟಿಕೆ

ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಬಸ್ಸಿಳಿದಾಗ ಬೆಳಗಿನ ಏಳೂವರೆ. ಅಲ್ಲಿಂದ ಗುಂಡಕೋಡಿಗೆ ಆಟೋದಲ್ಲಿ ಹೋದರೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಆದರೆ ವೆಂಕಟಸ್ವಾಮಿ ಆಟೋ ಹತ್ತುವ ಆಸಾಮಿಯಲ್ಲ. ನಲವತ್ತು ವರ್ಷ ಆ ಊರಿನ ಕೆರೆಗೆ ನೀರುಗಂಟಿಯಾಗಿದ್ದವನು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವುದು, ಅದೇ ಅವನ ಬದುಕು. ಕೆರೆಗೆ ಹೋಗುವುದಾದರೆ ನೀರು ಹೋಗುವ ದಾರಿಯಲ್ಲೇ ಹೋಗಬೇಕೆಂದು ಹಠ ಹಿಡಿದ. ಮೊಮ್ಮಗಳು ಸಂಘಮಿತ್ರಾ ಹೆಗಲಿಗೆ ಚೀಲ ಏರಿಸಿ ಅವನ ಹಿಂದೆ ರಾಜಕಾಲುವೆಯ ದಂಡೆ ಹಿಡಿದಳು.

ಚೀಲದಲ್ಲಿ ಕಾಗದದ ಸುರುಳಿ, ದಪ್ಪ ಕುಂಚ, ಮಸಿಯ ಡಬ್ಬಿ, ಎರಡು ಬಾಟಲಿ ಶುದ್ಧ ನೀರು. ಕಾಲುವೆಯಲ್ಲಿ ಹರಿಯುತ್ತಿದ್ದುದನ್ನು ನೀರೆಂದು ನಂಬಿ ಬರಿಗೈಯಲ್ಲಿ ಬರುವಂತಿರಲಿಲ್ಲ. ಚರಿತ್ರೆಯಲ್ಲಿ ಎಂ.ಎ. ಮುಗಿಸಿದವಳು ಅವಳು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವುದನ್ನು ಕಲಿತಿದ್ದಳು. ಕಲಿಯದೇ ಉಳಿದದ್ದು ಮಾತು. ತರಗತಿಯಲ್ಲಿ ಹಾಜರಿ ಕೂಗಿದಾಗಲೂ ಅವಳ ದನಿ ತನ್ನ ಬೆಂಚು ದಾಟುತ್ತಿರಲಿಲ್ಲ.

ಈಗ ಬಂದಿದ್ದು ಆ ಊರಿನ ಕೋಡಿಕಲ್ಲಿಗಾಗಿ. ಕೆರೆ ತುಂಬಿ ಹೆಚ್ಚಿನ ನೀರು ಹೊರಬೀಳುವ ಕೋಡಿಯ ಪಕ್ಕದಲ್ಲಿ ಒಂದು ವೀರಗಲ್ಲು ನಿಂತಿತ್ತು. ಅದರ ಕೆತ್ತನೆಯ ಮೇಲಿನ ಪಟ್ಟಿಕೆಯಲ್ಲಿ ವೀರ ಲಿಂಗದ ಮುಂದೆ ಕುಳಿತಿದ್ದಾನೆ. ಅದರ ಕೆಳಗಿನದರಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎತ್ತಿ ಒಯ್ಯುತ್ತಿದ್ದಾರೆ. ಅದಕ್ಕಿಂತ ಕೆಳಗಿನದು ತಲೆಮಾರುಗಳ ಹೂಳಿನಲ್ಲಿ ಮುಚ್ಚಿಹೋಗಿತ್ತು. ಕೆರೆಯ ಏರಿ ಬಿರಿದ ರಾತ್ರಿ ತಾನಾಗಿ ಹೋಗಿ ಬಿರುಕಿಗೆ ಎದೆಯೊಡ್ಡಿ ಸತ್ತ ತಮ್ಮ ಪೂರ್ವಜನೇ ಅವನು ಎಂಬುದು ನೀರುಗಂಟಿ ಮನೆತನದ ನಂಬಿಕೆ. ಕೋಡಿ ಬಿದ್ದ ವರ್ಷ, ಮೊದಲ ಬೆಳಗ್ಗೆ, ಮನೆಯ ಹಿರಿಯ ಒದ್ದೆ ಬಟ್ಟೆಯಲ್ಲಿ ಬಂದು ಆ ಕಲ್ಲಿಗೆ ಹಣೆ ಹಚ್ಚಬೇಕು. ಊರು ಬಿಟ್ಟು ವಿಮಾನಪುರದ ಮನೆಗೆ ಬಂದ ಮೇಲೂ, ಮಗ ಗೋಡೆಗೆ ಬುದ್ಧನ ಪಟ ಹಾಕಿದ ಮೇಲೂ ತಾತ ಅದನ್ನು ಬಿಟ್ಟಿರಲಿಲ್ಲ.

ಕಾಲುವೆ ಪಕ್ಕದ ಗದ್ದೆಗಳೆಲ್ಲ ಈಗ ಸೈಟುಗಳಾಗುತ್ತಿದ್ದವು. ಊರಿನ ಪಟೇಲರ ಮೊಮ್ಮಗ ಕೆಂಪರಾಜ್ ಸೋಮವಾರ ಆ ಕಲ್ಲನ್ನು ಎತ್ತಿಸಿ, ಊರ ದೇವಸ್ಥಾನದ ಮುಂದೆ ನೆಟ್ಟು, ‘ಪಟೇಲರ ವಂಶದ ವೀರ’ ಎಂದು ಬೋರ್ಡು ಬರೆಸುತ್ತಾನೆಂದು ಸುದ್ದಿ ಬಂದಿತ್ತು. ಸಂಘಮಿತ್ರಾ ಹೇಗೋ ಧೈರ್ಯ ಮಾಡಿ ಪುರಾತತ್ವ ಇಲಾಖೆಯ ಕಚೇರಿಗೆ ಹೋಗಿ ಕೇಳಿದ್ದಳು. “ಫೋಟೋ ಸಾಲಲ್ಲ, ಪೂರ್ತಿ ಕಲ್ಲಿನ ಅಚ್ಚು ತಗೊಂಡ್ಬನ್ನಿ. ಯಾರ ಕಲ್ಲು ಅಂತ ಗೊತ್ತಾದ್ರೆ ಅಲ್ಲೇ ಬಿಡೋಕೆ ಬರೀತೀನಿ” ಎಂದಿದ್ದರು ಅಲ್ಲಿನ ಅಧಿಕಾರಿ. ಇಂದು ಭಾನುವಾರ. ಉಳಿದದ್ದು ಈ ಒಂದು ದಿನ.

ಎರಡು ಮೈಲಿ ನಡೆದ ಮೇಲೆ ಗ್ಯಾರೇಜುಗಳು, ಶೀಟಿನ ಮನೆಗಳು ಹಿಂದಾದವು. ಕಾಲುವೆ ದಾಟುವಲ್ಲಿ ಯಾರೋ, ಸತಿಹೋದ ಹೆಣ್ಣಿಗೆ ನೆಟ್ಟ ಒಂದು ಮಾಸ್ತಿಕಲ್ಲನ್ನು ಅಡ್ಡ ಹಾಸಿದ್ದರು. ಬಳೆ ತೊಟ್ಟ ಕೈಯೊಂದು ಆಕಾಶದ ಕಡೆ ತೆರೆದು ಮಲಗಿತ್ತು. ಸಂಘಮಿತ್ರಾ ತಡೆದು ನಿಂತಳು.

“ತುಳ್ಕೊಂಡೇ ಬಾರಮ್ಮ” ಎಂದ ತಾತ. “ಇಲ್ದಿದ್ರೆ ಮೋರಿಗೆ ಇಳೀಬೇಕು. ಅವಳಿಗೂ ಅಭ್ಯಾಸ ಆಗೋಗೈತೆ.”

ಆಮೇಲೆ ಜೌಗು. ತಾತ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡ. ಎರಡು ಕಣ್ಣಿಗೂ ಪೊರೆ ಬಂದಿತ್ತು. ದಾರಿ ನೋಡುತ್ತಿದ್ದುದು ಅವನ ಪಾದ. ಆಳೆತ್ತರದ ಜಂಬುಹುಲ್ಲಿನ ನಡುವೆ ಕೋಲು ಊರಿ, ಹೆಬ್ಬೆರಳಿನಿಂದ ನೆಲ ಒತ್ತಿ, “ಇಲ್ಲಿ ಹಳೇ ಬದು ಐತೆ, ನನ್ನ ಹೆಜ್ಜೆ ಮೇಲೇ ಇಡು” ಎನ್ನುತ್ತ ಸಾಗಿದ. ಕತ್ತೆ ಸತ್ತ ವಾಸನೆ ಬರುತ್ತಿತ್ತು. ಬೆಳ್ಳಕ್ಕಿಗಳು ಮಾತ್ರ ಏನೂ ಆಗದವರಂತೆ ಬೆಳ್ಳಗೆ ನಿಂತಿದ್ದವು.

ಕೋಡಿಯ ಹತ್ತಿರ ಜೆಸಿಬಿಯೊಂದು ನಿಂತಿತ್ತು. ಡ್ರೈವರ್ ತಿಂಡಿಗೆ ಹೋಗಿದ್ದ. ಕಲ್ಲಿನ ಮುಂದಿನ ಮಣ್ಣನ್ನು ಆಗಲೇ ಸೊಂಟದಾಳಕ್ಕೆ ತೋಡಿದ್ದರು. ಯಾರೂ ನೋಡಿರದ ಕೆಳಗಿನ ಪಟ್ಟಿಕೆ ಹಸಿ ಮಣ್ಣು ಮೆತ್ತಿಕೊಂಡು ಹೊರಗೆ ಕಾಣುತ್ತಿತ್ತು.

“ಕೆಳಗಿಂದೂ ಬಂದೈತಾ?” ಕೋಲಿನಿಂದ ಗುಂಡಿ ತಡಕಿದ ತಾತನ ಮುಖ ಅರಳಿತು. “ತೊಳಿಯಮ್ಮ, ತೊಳಿ. ನಮ್ಮಜ್ಜ ಏರಿ ಮೇಲೆ ಹೆಂಗೆ ನಿಂತವ್ನೆ ಹೇಳು.”

ಅವಳು ಗುಂಡಿಗಿಳಿದು ಬಾಟಲಿ ನೀರು ಹನಿಸಿ, ಕುಂಚದಿಂದ ಮಣ್ಣು ಬಿಡಿಸಿದಳು. ಮೊದಲು ಅಲೆಅಲೆಯಾಗಿ ನೀರು ಬಂತು. ನೀರಿನಲ್ಲಿ ಮೊಣಕಾಲೂರಿದ ಮನುಷ್ಯ ಬಂದ. ಅವನ ಕೈ ಹುಡುಕಿದಳು. ಎದೆಯ ಮೇಲಿಲ್ಲ, ಕತ್ತಿ ಹಿಡಿದಿಲ್ಲ. ಬೆನ್ನ ಹಿಂದೆ ಒಂದರ ಮೇಲೊಂದು ಇದ್ದವು. ಅವನ ಹಿಂದೆ ಇಬ್ಬರು ಆಳುಗಳು, ಒಬ್ಬೊಬ್ಬರದೂ ಒಂದು ಕೈ ಅವನ ಹೆಗಲ ಮೇಲೆ. ಅವರಾಚೆ, ಒಣ ನೆಲದ ಮೇಲೆ, ಊರ ಒಡೆಯನಂತೆ ಛತ್ರಿಯ ಕೆಳಗೆ ನಿಂತ ಇನ್ನೊಬ್ಬ.

“ಹೇಳಮ್ಮ, ಏನ್ ಕಾಣ್ತೈತೆ?”

“ಸವೆದಿದೆ ತಾತ. ಸರಿಯಾಗಿ ಕಾಣ್ತಿಲ್ಲ.”

ಅವಳಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ತಾತ ಗುಂಡಿಗಿಳಿದು ಬಂದ. ಕಲ್ಲಿನ ಮೇಲೆ ಬೆರಳಾಡಿಸಿದ. ನೀರನ್ನು ದಾಟಿ, ಮೊಣಕಾಲು ದಾಟಿ, ಬೆನ್ನಿಗೆ ಬಂದು ಬೆರಳು ನಿಂತಿತು. ಅಲ್ಲಿಯೇ ಎರಡು ಸಲ ಸುತ್ತಿತು.

“ಹಗ್ಗ” ಎಂದ. ಬೆರಳಿನಲ್ಲೇ ಎಣಿಸಿ, “ಮೂರು ಸುತ್ತು.”

ಅವನು ಅಳಲಿಲ್ಲ. ಗುಂಡಿಯ ಅಂಚಿಗೆ ಕುಳಿತು, “ಇದನ್ನೇ ಮೊದ್ಲು ತೆಗಿ. ಮಿಕ್ಕಿದ್ದು ಎಲ್ರೂ ನೋಡವ್ರೆ” ಎಂದ.

ಸಂಘಮಿತ್ರಾ ಕಾಗದ ಹಾಸಿ ಬಡಿಯತೊಡಗಿದಳು. ಕಾಗದ ಕಲ್ಲಿನ ಮೈಗೆ ಕಚ್ಚಿತು. ಅರ್ಧ ಒಣಗಿದ ಮೇಲೆ ಮಸಿ ಒತ್ತಬೇಕು. ಒಣಗಲೆಂದು ಕಾಯುತ್ತಿರುವಾಗಲೇ ಬೈಕಿನ ಸದ್ದು ಕೇಳಿತು. ಬಿಳಿ ಅಂಗಿಯ ಕೆಂಪರಾಜ್, ಹಿಂದೆ ಜೆಸಿಬಿ ಡ್ರೈವರ್ ಕಲೀಮುಲ್ಲಾ.

“ಏನ್ ವೆಂಕಟಸ್ವಾಮಿ, ಇನ್ನೂ ಇದೀಯಾ? ಸಿಟಿ ಸೇರ್ಕೊಂಡು ಊರೇ ಮರೆತ್ಬಿಟ್ಟೆ!”

ತಾತ ಥಟ್ಟನೆ ಎದ್ದು ನಿಂತ. “ಇಲ್ಲ ಬುದ್ಧಿ, ಇವತ್ತು ಬಂದೆ.” ಎಂಬತ್ತರ ತಾತ ಮೂವತ್ತೈದರ ಅವನಿಗೆ ಬುದ್ಧಿ ಎಂದದ್ದು ಸಂಘಮಿತ್ರಾಳ ಕಿವಿಗೆ ಕಾದ ಕಬ್ಬಿಣದಂತೆ ಇಳಿಯಿತು.

“ಏನಮ್ಮ ಇದು, ದೇವ್ರ ಕಲ್ಲಿಗೆ ಪೇಪರ್ ಮೆತ್ತಿದೀಯಾ?” ಕೆಂಪರಾಜ್ ಬಗ್ಗಿ ಕಾಗದದ ಮೂಲೆ ಹಿಡಿದೆಳೆದ. ಒದ್ದೆ ಕಾಗದ ಅವನ ಕೈಯಲ್ಲಿ ಮುದ್ದೆಯಾಯಿತು. ಅದರ ಅಡಿ ಇದ್ದುದನ್ನು ಆಗ ನೋಡಿದ. ತುಸು ಹೊತ್ತು ನೋಡಿದ. ಛತ್ರಿಯನ್ನೂ ನೋಡಿದ.

“ಇದೇನು ಬಿಡು, ಕೆಳಗಿಂದು. ಮೂರಡಿ ಕಾಂಕ್ರೀಟ್ ಒಳಗೆ ಹೋಗತ್ತೆ.”

“ಅದನ್ನ ಮುಚ್ಚಬೇಡಿ” ಎಂದಳು ಸಂಘಮಿತ್ರಾ. ದನಿ ಈ ಸಲ ಹೊರಗೆ ಬಂತು, ಒಡೆದು ಬಂತು.

“ನೆಲದೊಳಗೆ ಹೂಳ್ದೆ ಕಲ್ಲು ನಿಲ್ಲತ್ತೇನಮ್ಮ? ಓದಿದೀಯಾ ಅಷ್ಟೂ ಗೊತ್ತಿಲ್ವಾ?” ಕೆಂಪರಾಜ್ ನಕ್ಕು ಡ್ರೈವರ್ ಕಡೆ ತಿರುಗಿದ. “ನಾಳೆ ಯಾಕೆ, ಇವತ್ತೇ ಎತ್ತು ಗುರು. ಹಗ್ಗ ತಗೊಂಬಾ. ವೆಂಕಟಸ್ವಾಮಿ, ಗಂಟು ನೀನೇ ಹಾಕು. ತೂಬಿನ ಹಲಗೆ ಕಟ್ತಿದ್ದೋನು ನೀನು, ನಿನ್ ಗಂಟು ಜಾರಲ್ಲ.”

ಕಲೀಮುಲ್ಲಾ ಹಗ್ಗ ತಂದು ಮುದುಕನ ಮುಂದೆ ಚಾಚಿದ. “ಬೇಡ ಅಂದ್ರೆ ನಾನೇ ಕಟ್ತೀನಿ ಚಾಚಾ” ಎಂದ ಮೆಲ್ಲಗೆ.

ತಾತನ ಕೈ ಆಗಲೇ ಮುಂದೆ ಹೋಗಿತ್ತು. ಕರೆದರೆ ಹೋಗುವುದು ಆ ಕೈಗೆ ಎಷ್ಟು ಹಳೆಯ ಅಭ್ಯಾಸವೆಂದರೆ, ಹಗ್ಗ ಹಿಡಿದ ಮೇಲೆ ತಾನು ಹಿಡಿದದ್ದು ಅವನಿಗೇ ತಿಳಿಯಿತು. ಅವನು ಹಗ್ಗ ಹಿಡಿದೇ ಮೊಮ್ಮಗಳ ಕಡೆ ತಿರುಗಿದ.

“ಏರಿಗೆ ಬಲಿ ಕೊಡೋಕೆ ಅವನನ್ನೂ ಹಿಂಗೇ ಕರೆದಿರ್ತಾರೆ ಕಣಮ್ಮ” ಎಂದ ಅವಳಿಗಷ್ಟೇ ಕೇಳುವಂತೆ. “ಹೆಸರು ಹಿಡಿದು. ಬಂದಿರ್ತಾನೆ.”

“ತಾತ, ಬಿಡು. ಹೋಗೋಣ.”

“ಬಿಟ್ರೆ ಇವ್ರು ಅರೆಗಳಿಗೇಲಿ ಎತ್ತಿ ಹಾಕ್ತಾರೆ. ನಾನು ನಿಧಾನಕ್ಕೆ ಕಟ್ತೀನಿ. ನೀನು ನೋಡಿ ಬರ್ಕೋ.”

ಅವನು ಕಟ್ಟಿದ. ಒಂದು ಸುತ್ತು ಹಾಕಿ, ಬಿಗಿ ಸಾಲದೆಂದು ಬಿಚ್ಚಿ, ಮತ್ತೆ ಹಾಕಿದ. ಕೆಂಪರಾಜ್ ಎರಡು ಸಲ ಗಡಿಯಾರ ನೋಡಿಕೊಂಡು, “ವಯಸ್ಸಾಯ್ತು ಕಣೋ ನಿಂಗೆ” ಎಂದ. ಗುಂಡಿಯಲ್ಲಿ ಕುಳಿತ ಸಂಘಮಿತ್ರಾ ಉಳಿದ ಕಾಗದವನ್ನು ಮೊಣಕಾಲ ಮೇಲೆ ಹರಡಿ, ಬಾಲ್‌ಪೆನ್ನಿನಲ್ಲಿ ಗೀಚಿದಳು: ಅಲೆ, ಮೊಣಕಾಲು, ಬೆನ್ನ ಹಿಂದಿನ ಕೈಗಳು, ಹಗ್ಗದ ಮೂರು ಸುತ್ತು, ಹೆಗಲ ಮೇಲಿನ ಎರಡು ಕೈ. ಛತ್ರಿಯವನ ಮುಖ ಬರೆಯಲಾಗಲಿಲ್ಲ. ಅದು ಕಲ್ಲಿನಲ್ಲೇ ಸವೆದಿತ್ತು. ಇದು ಅಚ್ಚಲ್ಲ, ಕಚೇರಿಯವರು ಒಪ್ಪುವುದಿಲ್ಲ ಎಂದು ಗೊತ್ತಿದ್ದೂ ಬರೆದಳು.

ಕಲ್ಲು ಮೇಲೆದ್ದಿತು. ಗಂಟು ಜಾರಲಿಲ್ಲ. ಕಲ್ಲಿದ್ದ ಹೊಂಡಕ್ಕೆ ಕಾಲುವೆಯ ಕರಿನೀರು ನಾಲ್ಕೂ ಕಡೆಯಿಂದ ಜಿನುಗಿ ತುಂಬತೊಡಗಿತು. ತಾತ ಎರಡು ಕೈಗಳನ್ನೂ ಅಂಗಿಯೊಳಗೆ ತೂರಿಸಿಕೊಂಡು ಜೌಗಿನ ಕಡೆ ಹೊರಟ. ಕೋಲು ಗುಂಡಿಯ ಬಳಿಯೇ ಉಳಿಯಿತು; ಈ ಸಲ ಹೆಬ್ಬೆರಳಿನಿಂದಲೂ ನೆಲ ಒತ್ತಿ ನೋಡಲಿಲ್ಲ. ಸಂಘಮಿತ್ರಾ ಓಡಿ ಹೋಗಿ, ಹಳೇ ಬದು ಹುಡುಕುತ್ತ ಅವನ ಮುಂದಾದಳು.