ಅಗಿಯುವಿಕೆ: ಇಲ್ಲ

ಈ ಕಥನವನ್ನು ಮೊದಲು ಹೇಳಿದವರು ಮಾಯಮ್ಮ, ಐವತ್ತೆಂಟು ವರ್ಷ, ಅರಕಲಗೂಡು ತಾಲ್ಲೂಕಿನವರು. ಹೇಳಿದ ದಿನ 2024ರ ನವೆಂಬರ್ ಹದಿನೇಳು, ಭಾನುವಾರ. ಜಾಗ, ಬೇಯಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಒಂದು ಕೊಟ್ಟಿಗೆ. ಕೇಳಿದವರು ಜೊತೆಯಲ್ಲಿ ಕೂಲಿಗೆ ಕೂತಿದ್ದ ಏಳು ಮಂದಿ ಹೆಂಗಸರು. ಅವರಲ್ಲೊಬ್ಬರಾದ ಮುದ್ದಮ್ಮ ಇದನ್ನು ಆಮೇಲೆ ಬೇರೆಡೆ ಹೇಳಿದ್ದಾರೆ. ಅವರ ಹೇಳಿಕೆಯಲ್ಲಿ ಕಾಲೇಜಿನ ಮೇಡಮ್ಮು ಕೊನೆಗೆ ಮಾಯಮ್ಮನವರ ಕಾಲಿಗೆ ಬೀಳುತ್ತಾರೆ. ಮಾಯಮ್ಮನವರ ಹೇಳಿಕೆಯಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ. ಇಲ್ಲಿ ಮಾಯಮ್ಮನವರನ್ನೇ ಅನುಸರಿಸಿದೆ.

ಮಾಯಮ್ಮನವರ ಗಂಡ ಪಾಪಯ್ಯನವರಿಗೆ ಆ ವರ್ಷದ ಜೂನ್‌ನಲ್ಲಿ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು. ಬಲಗೈ, ಮಾತು, ನುಂಗುವ ಶಕ್ತಿ ಮೂರೂ ಕುಂದಿದವು. ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಪೈಪು ಇಳಿಸಿದರು. ಎಡಗೈಯಿಂದ ಅದನ್ನು ಎರಡು ಸಲ ಕಿತ್ತುಕೊಂಡದ್ದರಿಂದ ಆ ಕೈಯನ್ನು ಹಳೆಯ ಸೀರೆಯ ಪಟ್ಟಿಯಲ್ಲಿ ಮಂಚಕ್ಕೆ ಕಟ್ಟಬೇಕಾಯಿತು.

"ಕಟ್ದೋಳು ನಾನೇಯ" ಎಂದರು ಮಾಯಮ್ಮ. "ನರ್ಸಮ್ಮ ಕಟ್ಟಿದ್ರೆ ಅವಳ್ನಾದ್ರೂ ಬೈಕಂಡ್ ಇರ್ತಿದ್ದೆ."

ಏಳನೆಯ ವಾರ ಅವರನ್ನು ಹಾಸನದಲ್ಲಿ ವಾಕ್‌ಚಿಕಿತ್ಸೆ ಕಲಿಸುವ ಒಂದು ಕಾಲೇಜಿನ ಕ್ಲಿನಿಕ್ಕಿಗೆ ಕಳಿಸಿದರು. ಮಾತು ಕಲಿಸುವವರೇ ನುಂಗುವುದನ್ನೂ ಪರೀಕ್ಷಿಸುತ್ತಾರೆಂದು ಮಾಯಮ್ಮನವರಿಗೆ ಗೊತ್ತಾದದ್ದು ಅಲ್ಲೇ. ಪಾಪಯ್ಯನವರನ್ನು ರಂಜಿನಿ ಎಂಬ ವಿದ್ಯಾರ್ಥಿನಿಗೆ ಒಪ್ಪಿಸಲಾಯಿತು. ಮೊಸಳೆ ಎಂಬ ಊರಿನ ಪಕ್ಕದ ಹಳ್ಳಿಯವಳು, ಎಂ.ಎಸ್ಸಿ. ಕೊನೆಯ ವರ್ಷ. ಅವಳ ಮೇಲ್ವಿಚಾರಕಿ ವೇದವತಿ, ಹೊಳೆನರಸೀಪುರದ ಹಳೆಯ ಮನೆತನದವರು. ರೋಗಿಗಳೊಂದಿಗೆ ವಿದ್ಯಾರ್ಥಿ ಕಳೆದ ಪ್ರತಿ ಗಂಟೆಗೂ ಮೇಲ್ವಿಚಾರಕರ ಸಹಿ ಬೇಕು. ಗೊತ್ತುಪಡಿಸಿದಷ್ಟು ಗಂಟೆ ತುಂಬದವರು ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ.

ಮೊದಲ ದಿನ ರಂಜಿನಿ ಅಚ್ಚಾದ ನಮೂನೆಯೊಂದನ್ನು ಹಿಡಿದು ಪ್ರಶ್ನೆಗಳನ್ನು ಓದುತ್ತ ಹೋದಳು. ವೇದವತಿ ಅವಳ ಹಿಂದೆ ನಿಂತಿದ್ದರು.

"ಕಾಯಿಲೆಗೆ ಮುಂಚೆ ಊಟ ಅಗಿದು ತಿಂತಿದ್ರಾ?"

"ಎಲ್ಲಾರ ಉಂಟಾ? ಅಗಿಯಾಕಿಲ್ಲ. ನುಂಗಾದು" ಎಂದರು ಮಾಯಮ್ಮ.

ರಂಜಿನಿಯ ಪೆನ್ನು ನಿಂತಿತು. ಅವಳು ತಿರುಗಿ ನೋಡಿದಳು.

"ಅವರು ಹೇಳಿದ್ದನ್ನು ಬರೆಯಿರಿ" ಎಂದರು ವೇದವತಿ. "ನಿಮ್ಮ ವ್ಯಾಖ್ಯಾನ ಬೇಡ."

ರಂಜಿನಿ ಬರೆದಳು: ಅಗಿಯುವಿಕೆ: ಇಲ್ಲ. ಕಾಯಿಲೆಗೆ ಮುಂಚಿನಿಂದಲೂ.

ರಾಗಿಮುದ್ದೆ ಉಣ್ಣುವ ಮನೆಗಳಲ್ಲಿ ತುತ್ತನ್ನು ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಕಿಸದೆ ನುಂಗುತ್ತಾರೆ. ಅಗಿಯುವವರನ್ನು ಕಂಡು ಮಕ್ಕಳೂ ನಗುತ್ತಾರೆ. ಪಾಪಯ್ಯನವರ ದವಡೆಯ ಹಲ್ಲುಗಳು ಹತ್ತು ವರ್ಷದ ಹಿಂದೆಯೇ ಉದುರಿದ್ದವು, ಅವರಿಗೆ ಅದು ಕೊರತೆಯೆನಿಸಿರಲಿಲ್ಲ. ನಮೂನೆಯ ಪ್ರಕಾರವಾದರೋ ಅದು ನರಗಳಲ್ಲಿ ಬಹುಕಾಲದಿಂದ ಬೇರೂರಿದ ದೋಷ. ಆಮೇಲೆ ಬಿಸ್ಕತ್ತು ಕೊಟ್ಟರು, ಅದು ಬಾಯಲ್ಲೇ ಉಳಿದು ಜೊಲ್ಲಿನೊಂದಿಗೆ ಎದೆಯ ಮೇಲೆ ಬಿತ್ತು. ನೀರು ಕೊಟ್ಟರು, ಕೆಮ್ಮು ಬಂತು. ಮೂರನ್ನೂ ಸೇರಿಸಿ ವೇದವತಿ ತೀರ್ಮಾನ ಹೇಳಿದರು: ಬಾಯಿಯ ಮೂಲಕ ಏನನ್ನೂ ಕೊಡಕೂಡದು, ಹೊಟ್ಟೆಗೇ ರಂಧ್ರ ಮಾಡಿ ಶಾಶ್ವತವಾದ ಪೈಪು ಕೂರಿಸಬೇಕು. ಶಸ್ತ್ರಚಿಕಿತ್ಸೆಗೆ ಮುಂದಿನ ಬುಧವಾರ ಗೊತ್ತಾಯಿತು.

ಹೊರಗಿನ ಬೆಂಚಿನ ಬಳಿ ಮಾಯಮ್ಮ ರಂಜಿನಿಯನ್ನು ತಡೆದು, ಬರೆದದ್ದನ್ನು ಓದಿಸಿಕೊಂಡರು.

"ನೀನು ಯಾವೂರೋಳವ್ವ?"

"ಮೊಸಳೆ ತಾವ, ದೊಡ್ಡವ್ವ."

"ನಿಮ್ಮಪ್ಪ ಮುದ್ದೆ ಅಗೀತಾನಾ?"

ರಂಜಿನಿ ನಮೂನೆಯನ್ನು ಮಡಚತೊಡಗಿದಳು.

"ಕೇಳ್ತಾ ಇವ್ನಿ. ಅಗೀತಾನಾ?"

"ಇಲ್ಲ."

"ನೀನು?"

"ಹಾಸ್ಟೆಲ್ನಾಗೆ ಎಲ್ಲಾರೂ ನೋಡ್ತಾರೆ ಅಂತ ಅಗಿಯಾದು ಕಲ್ತೆ."

"ಆರ್ ವರ್ಸ ಓದಿ ಅದಾ ನೀನ್ ಕಲ್ತಿದ್ದು? ಆ ಮೇಡಮ್ನೋರು ಅನ್ನ ಉಂಡ್ ಬೆಳ್ದೋರು, ತಿಳೀದು ಅನ್ನನ. ನಿಂಗೆ ತಿಳ್ದಿತ್ತು. ತಿಳ್ದೂ ಬರ್ದೆ. ನನ್ ಗಂಡನ್ ಹೊಟ್ಟೆ ಕುಯ್ಯಾಕೆ ಕತ್ತಿ ಎತ್ತಿ ಕೊಟ್ಟೋಳು ನೀನೇ ಕಣವ್ವ."

ಕಥೆ ಇಲ್ಲಿಗೆ ಬಂದಾಗ ಕೊಟ್ಟಿಗೆಯಲ್ಲಿ ಮುದ್ದಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. "ಅಂಗಂದ್ಬುಟ್ಯಾ? ಅಷ್ಟ್ ಓದಿರೋ ಮಗೀಗೆ?"

"ಓದವಳೆ ಅಂತಾನೇ ಅಂದೆ. ನಿಂಗ್ ಅಂದಿದ್ರೆ ಏನ್ ಬಂತು?"

ಹೆಂಗಸರು ನಕ್ಕರು. ಮಾಯಮ್ಮ ನಗಲಿಲ್ಲ.

ಶನಿವಾರ ವಿಭಾಗದ ಸಭೆ. ಅಲ್ಲಿ ವಿದ್ಯಾರ್ಥಿಗಳು ತಂತಮ್ಮ ರೋಗಿಗಳನ್ನು ಎಲ್ಲರೆದುರು ಕೂರಿಸಿ ವರದಿ ಓದುತ್ತಾರೆ. ಪಾಪಯ್ಯ ಗಾಲಿಕುರ್ಚಿಯಲ್ಲಿದ್ದರು, ಮಾಯಮ್ಮ ಬಾಗಿಲ ಬಳಿ ನಿಂತಿದ್ದರು. ರಂಜಿನಿ ವರದಿ ಓದಲಿಲ್ಲ. ತಾನು ಬರೆದದ್ದು ತಪ್ಪೆಂದಳು. ಯಾಕೆ ತಪ್ಪೆಂಬುದನ್ನು, ಮುದ್ದೆ ಉಣ್ಣುವ ರೀತಿಯಿಂದ ಹಿಡಿದು ಪಾಪಯ್ಯನವರಿಗಿಲ್ಲದ ಹಲ್ಲುಗಳವರೆಗೆ, ಒಂದೊಂದಾಗಿ ಹೇಳಿದಳು.

"ಅದರ ಮೇಲೆ ನಿಮ್ಮ ಸಹಿ ಇದೆ" ಎಂದರು ವೇದವತಿ.

"ಇದೆ ಮೇಡಮ್. ತಪ್ಪಿನ ಕೆಳಗೆ ಇದೆ."

"ಹಾಗಾದರೆ ಯಾವುದರಲ್ಲಿ ಪರೀಕ್ಷೆ ಮಾಡಬೇಕು ಅಂತೀರಿ?"

"ರಾಗಿ ಗಂಜಿ. ಗಟ್ಟಿಯಾಗಿ, ಗಂಟಿಲ್ಲದ ಹಾಗೆ. ನೀರು ಬೇಗ ಜಾರುತ್ತೆ, ಇವರಿಗೆ ತಡೆಯೋಕೆ ಆಗಲ್ಲ. ಗಂಜಿ ನಿಧಾನಕ್ಕೆ ಇಳಿಯುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇದು ಕ್ಲಿನಿಕ್ಕು ರಂಜಿನಿ. ಹಳ್ಳಿಯ ಅಡುಗೆಮನೆಯಲ್ಲ."

"ಅವರ ಗಂಟಲು ಹಳ್ಳಿಯದೇ ಮೇಡಮ್."

ವೇದವತಿಯವರ ದನಿ ಏರಲಿಲ್ಲ. ಅದೇ ಹೆಚ್ಚು ಉರಿಯಿತೆಂದು ಮಾಯಮ್ಮ ಹೇಳಿದರು. "ವರದಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಸುಳ್ಳು ವರದಿ ಕೊಟ್ಟಿರಿ ಎಂದಾಗುತ್ತದೆ. ಈ ಪೋಸ್ಟಿಂಗ್‌ನ ಒಂದು ಗಂಟೆಯೂ ಉಳಿಯುವುದಿಲ್ಲ. ಆರು ತಿಂಗಳು ಹಿಂದೆ ಬೀಳುತ್ತೀರಿ. ಯೋಚನೆ ಮಾಡಿ ಹೇಳಿ."

ರಂಜಿನಿ ಮೇಜಿನ ಬಳಿಗೆ ಹೋದಳು. ವರದಿಯಲ್ಲಿ ಅಗಿಯುವಿಕೆಯ ಸಾಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಬರೆದು, ಮತ್ತೆ ಸಹಿ ಹಾಕಿದಳು. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಇದು ನಿಜವಲ್ಲ. ನಿಜವಲ್ಲವೆಂದು ಗೊತ್ತಿದ್ದೇ ಬರೆದೆ."

ವಿಭಾಗದ ಮುಖ್ಯಸ್ಥರಾದ ಪಂಚಾಕ್ಷರಯ್ಯ ಅದುವರೆಗೆ ಫೋನು ನೋಡುತ್ತಿದ್ದರು. "ಎಕ್ಸ್‌ರೇ ಇಟ್ಟು ನುಂಗಿಸಿ ನೋಡಿಬಿಡೋಣ, ಗಲಾಟೆ ಯಾಕೆ" ಎಂದರು.

ಮಂಗಳವಾರ ಪಾಪಯ್ಯನವರನ್ನು ಎಕ್ಸ್‌ರೇ ಯಂತ್ರದ ಮುಂದೆ ಕೂರಿಸಿದರು. ಪರದೆಯ ಮೇಲೆ ಕಪ್ಪಾಗಿ ಕಾಣುವಂಥ ಬಿಳಿ ಪುಡಿಯನ್ನು ಮೊದಲು ನೀರಿಗೆ ಬೆರೆಸಿ ಕೊಟ್ಟರು. ನೀರು ಉಸಿರಿನ ಕೊಳವೆಯತ್ತ ಹರಿಯಿತು, ಅವರು ಕೆಮ್ಮಿದರು. ವೇದವತಿ ಸಾಕು ಎಂದು ಕೈ ಎತ್ತಿದರು. ಪಂಚಾಕ್ಷರಯ್ಯ ಮುಂದುವರಿಸಲು ಹೇಳಿದರು. ರಂಜಿನಿ ಪುಡಿ ಬೆರೆಸಿದ ಗಂಜಿಯನ್ನು ಅರ್ಧ ಚಮಚ ಬಾಯಿಗಿಟ್ಟು, ಗಲ್ಲವನ್ನು ಎದೆಯತ್ತ ಬಗ್ಗಿಸಿ, ಎರಡು ಬೆರಳುಗಳನ್ನು ಗಂಟಲ ಮೇಲಿರಿಸಿದಳು.

"ನುಂಗು ದೊಡ್ಡಪ್ಪ. ಮನೇಲಿ ನುಂಗ್ದಂಗೆ."

ಬೆರಳುಗಳಡಿ ಗಂಟಲು ಮೇಲೆದ್ದು ಇಳಿಯಿತು. ಪರದೆಯ ಮೇಲೆ ಕಪ್ಪು ತುತ್ತು ತನ್ನ ದಾರಿಯಲ್ಲೇ ಕೆಳಗಿಳಿಯಿತು. ಎರಡನೆಯದೂ ಹಾಗೆಯೇ. ಐದು ಚಮಚ, ಒಂದೂ ಕೆಮ್ಮಿಲ್ಲ. ಗಂಟಲಲ್ಲಿ ಏನಾದರೂ ಉಳಿದಿದೆಯೇ ಎಂದು ದನಿಯಿಂದ ತಿಳಿಯಲು, ಏನಾದರೂ ಹೇಳಿ ಎಂದಳು ರಂಜಿನಿ. ಪಾಪಯ್ಯ ಬಹಳ ಹೊತ್ತು ತುಟಿ ತಿರುಚಿ, ಕೊನೆಗೆ "ಉಪ್ಪಿಲ್ಲ" ಎಂದರು. ಏಳು ವಾರದಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು ಅಡುಗೆಯ ಮೇಲಿನ ದೂರಾಗಿತ್ತು ಎಂಬುದನ್ನು ಮಾಯಮ್ಮ ಹೆಮ್ಮೆಯಿಂದಲೇ ಹೇಳಿದರು.

ಶಸ್ತ್ರಚಿಕಿತ್ಸೆ ರದ್ದಾಯಿತು. ಹದಿನೈದು ದಿನದಲ್ಲಿ ಮೂಗಿನ ಪೈಪೂ ಹೊರಬಂತು. ರಂಜಿನಿಯ ಗಂಟೆಗಳನ್ನು ವೇದವತಿ ಹೇಳಿದಂತೆಯೇ ಹೊಡೆದುಹಾಕಿದರು.

ಅದು ತಿಳಿದ ದಿನ ಮಾಯಮ್ಮ ವೇದವತಿಯವರ ಕೋಣೆಗೆ ಹೋದರು. ಕೂರಿ ಎಂದರೂ ಕೂರಲಿಲ್ಲ.

"ತಪ್ಪು ಅಂತ ಒಪ್ಕಂಡೋಳಿಗೆ ಆರ್ ತಿಂಗ್ಳು. ಬರಿ ಅಂದೋರ್ಗೆ ಎಷ್ಟ್ ತಿಂಗ್ಳು, ಮೇಡಮ್ನೋರೆ?"

"ಅದು ನಿಯಮ ಅಮ್ಮ. ನಿಮ್ಮ ಕೆಲಸ ಆಯ್ತಲ್ಲ, ಇನ್ನೇನು?"

"ನನ್ ಕೆಲ್ಸ ಆಯ್ತು. ಆಚೆ ಬೆಂಚಲ್ಲಿ ಇರೀಸಾವೆ ಕಡೆಯೋರು ಒಬ್ರು ಕುಂತವ್ರೆ, ಮೂಗ್ನಾಗೆ ಪೈಪು. ಅವ್ರುನ್ನೂ ಅದೇ ಕೇಳ್ತೀರಾ, ಅಗೀತಿದ್ರಾ ಅಂತ?"

ವೇದವತಿ ಗಂಟೆ ಒತ್ತಿ ಮುಂದಿನವರನ್ನು ಕರೆದರು. ನಮೂನೆ ಇಂದಿಗೂ ಅದೇ ಇದೆ.

"ಈಗ ಆ ಮಗು ಎಲ್ಲವಳೆ?" ಎಂದು ಕೊಟ್ಟಿಗೆಯಲ್ಲಿ ಮುದ್ದಮ್ಮ ಕೇಳಿದರು.

"ಅಲ್ಲೇ. ಜತೆಯೋರು ಪರೀಕ್ಸೆ ಬರ್ದು ಒಂಟೋದ್ರು. ಇವ್ಳು ಮದ್ಲಿಂದ ಸುರು ಮಾಡವಳೆ, ಅದೇ ಮೇಡಮ್ನೋರ ಕೈಕೆಳ್ಗೆ."

"ನಿನ್ ಮ್ಯಾಲೆ ಕ್ವಾಪ ಇಲ್ವಾ ಅವ್ಳಿಗೆ?"

"ಅದೆ. ಮೊನ್ನೆ ಆಸ್ನಕ್ಕೆ ಕರ್ಕಂಡೋಗಿದ್ದಾಗ ಇವ್ರ ಗಂಟ್ಲು ನೋಡುದ್ಲು, ಕೈ ಹಿಡ್ಕಂಡು ಮಾತಾಡ್ಸುದ್ಲು. ನನ್ ಕಡೀಕೆ ಮೊಕ ತಿರುಗಿಸ್ನಿಲ್ಲ."

"ನೀನಾದ್ರೂ ಮಾತಾಡ್ಸಬೈದಿತ್ತು."

"ಏನಂತ? ಕತ್ತಿ ಕೊಟ್ಟೆ ಅಂದೋಳು ನಾನು. ಅಂದಿದ್ದು ನಿಜವೇಯ. ಅವ್ಳು ಮೊಕ ತಿರುಗ್ಸಾದೂ ನಿಜವೇಯ."

ಹೊತ್ತು ಇಳಿದಿತ್ತು. ಹೆಂಗಸರು ವಿಂಗಡಿಸಿದ ಸೊಪ್ಪಿನ ಮೇಲೆ ಗೋಣಿ ಹೊದಿಸಿ, ಅಂಟು ಹಿಡಿದ ಕೈಗಳನ್ನು ಬೂದಿಯಲ್ಲಿ ಉಜ್ಜಿ ತೊಳೆದುಕೊಂಡು ಎದ್ದರು. ಮಾಯಮ್ಮನವರಿಗೆ ಯಾರೂ ಸಮಾಧಾನ ಹೇಳಲಿಲ್ಲ. ಒಬ್ಬೊಬ್ಬರಾಗಿ ಸೆರಗು ಕೊಡವಿಕೊಂಡು ತಂತಮ್ಮ ಮನೆಗಳಿಗೆ ಹೋದರು.