ಪಿಂಟೊ ಪೊರ್ಬುಗಳ ಕೊನೆಯ ಬಿಯರ್

ನಾನು ಒಂದು ಬಿಯರ್ ಬಾಟಲಿ. ಹೆಸರು ಕೇಳಿದ ಕೂಡಲೇ ಮೂಗು ಮುರಿಯಬೇಡಿ. ಮಾಡಿದವರು ಯಾರೋ, ಕುಡಿದವರು ಯಾರೋ, ನಾನು ಬರೀ ಹೊತ್ತುಕೊಂಡು ನಿಂತಿದ್ದೆ.

ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿ ನಾನು ಹುಟ್ಟಿದೆ. ಮರಳು, ಸೋಡಾ, ಸುಣ್ಣದ ಕಲ್ಲು, ಜೊತೆಗೆ ಬುಟ್ಟಿಗಟ್ಟಲೆ ಒಡೆದ ಗಾಜು, ಎಲ್ಲವನ್ನೂ ಕರಗಿಸಿ, ಅಚ್ಚಿಗೆ ಸುರಿದು, ಗಾಳಿ ಊದಿ ನನ್ನನ್ನು ಮಾಡಿದರು. ಬಣ್ಣ ಕಂದು. ಹೊಟ್ಟೆ ಗಟ್ಟಿ, ಬುಡ ಇನ್ನೂ ಗಟ್ಟಿ. ಜಂಭಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿರಾ? ಹೌದು, ಜಂಭವೇ. ಬಾಟಲಿಗೆ ಬೇರೆ ಯಾವ ಆಸ್ತಿ ಇರುತ್ತದೆ ಹೇಳಿ?

ಮೊದಲ ಕೆಲವು ವರ್ಷ ಕಂಪೆನಿಯ ಬಿಯರ್ ಹೊತ್ತು ತಿರುಗಿದೆ. ಒಮ್ಮೆ ಬಾರಿನ ಮೇಜು, ಒಮ್ಮೆ ಮದುವೆ ಮನೆಯ ಹಿತ್ತಿಲು, ಒಮ್ಮೆ ಸೋತ ಕ್ರಿಕೆಟ್ ತಂಡದವರ ನಡುವೆ. ಖಾಲಿಯಾದ ಮೇಲೆ ನಮ್ಮನ್ನು ತಿರುಗಿ ನೋಡುವವರಿಲ್ಲ. ಕೊನೆಗೊಂದು ದಿನ ಮಂಗಳೂರಿನ ಜೆಪ್ಪುವಿನ ಗುಜರಿ ಅಂಗಡಿಯ ಗೋಣಿಯೊಳಗೆ ಬಿದ್ದೆ. ಅಲ್ಲಿಂದ ನನ್ನನ್ನು ಆರಿಸಿಕೊಂಡು ಹೋದವರು ಬೊನವೆಂಚರ್ ಪಿಂಟೊ. ಊರಿನವರ ಬಾಯಲ್ಲಿ ಪಿಂಟೊ ಪೊರ್ಬುಗಳು; ತುಳುವಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ.

ಪೊರ್ಬುಗಳು ಇಪ್ಪತ್ತೆಂಟು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವರು. ಯಾವುದೋ ಬಂದರಿನಲ್ಲಿ ಒಬ್ಬ ಅಡುಗೆಯವನಿಂದ ಬಿಯರ್ ಮಾಡುವುದನ್ನು ಕಲಿತು ಬಂದಿದ್ದರು. ಜೆಪ್ಪುವಿನಲ್ಲಿ ಕ್ರಿಸ್ಮಸ್‌ಗೆ ಮನೆಮನೆಯಲ್ಲೂ ದ್ರಾಕ್ಷಿ ವೈನು ಮಾಡುತ್ತಾರೆ. ಬಾರ್ಲಿ ಬೇಯಿಸಿ, ಯೀಸ್ಟ್ ಹಾಕಿ, ಡ್ರಮ್ಮಿಗೆ ಕಿವಿಯಿಟ್ಟು ಕೂರುವ ಹುಚ್ಚು ಇದ್ದದ್ದು ಇವರೊಬ್ಬರಿಗೇ. ಮಾರುವ ಮಾತೇ ಇಲ್ಲ. ಮನೆಗೆ ಬಂದ ಗೆಳೆಯರು ಹೊರಡುವಾಗ ಒಬ್ಬೊಬ್ಬರ ಕೈಗೆ ಒಂದೊಂದು ಬಾಟಲಿ ಕೊಡುತ್ತಿದ್ದರು. ಗೆಳೆಯರು ಖಾಲಿ ಬಾಟಲಿ ತೊಳೆದು ವಾಪಸು ತರಬೇಕು, ಅಷ್ಟೇ ಕರಾರು.

ಬಾಟಲಿ ತುಂಬಿಸುವುದು ಶನಿವಾರ ಬೆಳಿಗ್ಗೆ. ಪೊರ್ಬುಗಳು ನಮ್ಮನ್ನು ತೊಳೆದು ಸಾಲಾಗಿ ನಿಲ್ಲಿಸುತ್ತಿದ್ದರು. ಅವರ ಹೆಂಡತಿ ಸೆವ್ರಿನ್ ಬಾಯಿ, ನೆರೆಹೊರೆಯವರಿಗೆ ಬಾಯಮ್ಮ, ಪ್ರತಿ ಬಾಟಲಿಗೂ ಒಂದು ಚಮಚ ಸಕ್ಕರೆ ಹಾಕುತ್ತಿದ್ದರು. ಆಮೇಲೆ ಇವರು ಬಿಯರ್ ತುಂಬಿಸಿ ಮುಚ್ಚಳ ಒತ್ತುತ್ತಿದ್ದರು. ಆ ಸಕ್ಕರೆ ತಿಂದು ಯೀಸ್ಟ್ ಎದ್ದು ಕೂತರೇನೇ ಬಿಯರಿನಲ್ಲಿ ಗ್ಯಾಸು, ನೊರೆ. ನಮ್ಮ ಹೊಟ್ಟೆಯೊಳಗೆ ಎರಡು ವಾರ ಅದರದೇ ಗದ್ದಲ.

"ನಿನ್ನ ಕೈಯ ಸಕ್ಕರೆ ಬೀಳದಿದ್ರೆ ಇದು ಬರೀ ಕಷಾಯ ಮಾರಾಯ್ತಿ" ಎಂದು ಪೊರ್ಬುಗಳು ಪ್ರತಿ ಸಲವೂ ಹೇಳುವರು. "ಹೋಗಿ ನಿಮ್ಮದೊಂದು" ಎಂದು ಬಾಯಿ ಪ್ರತಿ ಸಲವೂ ನಗುವರು. ಮಕ್ಕಳಿಲ್ಲದ ಮನೆ. ಆ ಶನಿವಾರಗಳೇ ಅವರ ಹಬ್ಬವಾಗಿದ್ದವು.

ಹೀಗೆ ಒಂಬತ್ತು ವರ್ಷ ಕಳೆಯಿತು. ಆಮೇಲೆ ಮನೆಗೆ ಕೆಗ್ ಬಂತು. ಕೆಗ್ ಎಂದರೆ ಸ್ಟೀಲಿನ ಪೀಪಾಯಿ. ಹೋಟೆಲುಗಳಲ್ಲಿ ಬಿಯರ್ ಮೆಷಿನ್ ರಿಪೇರಿ ಮಾಡುವ ಉಮಾನಾಥ ತನ್ನ ಹಳೆಯದೊಂದನ್ನು ಗ್ಯಾಸ್ ಸಿಲಿಂಡರ್ ಸಮೇತ ಪೊರ್ಬುಗಳಿಗೆ ಕೆಲವು ದಿನಕ್ಕೆ ಕೊಟ್ಟಿದ್ದ. ಇದರಲ್ಲಿ ಯೀಸ್ಟಿಗಾಗಿ ಕಾಯಬೇಕಿಲ್ಲ, ಸಿಲಿಂಡರಿನಿಂದಲೇ ಬಿಯರಿಗೆ ಗ್ಯಾಸ್ ಹಿಡಿಸಬಹುದು. ಆ ಸಲದ ಬಿಯರನ್ನು ಪೊರ್ಬುಗಳು ಅದಕ್ಕೆ ತುಂಬಿಸಿ ಗ್ಯಾಸ್ ಹಿಡಿಸಿಯೂ ಆಗಿತ್ತು. ಬುಧವಾರ ನಮ್ಮನ್ನು ತೊಳೆಯುತ್ತಾ ಪೊರ್ಬುಗಳು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. "ಇನ್ನು ಸಕ್ಕರೆ ಬೇಡ. ಇದನ್ನು ಅವಳಿಗೆ ಹೇಗೆ ಹೇಳುದು? ಬೇಜಾರು ಮಾಡಿಕೊಳ್ತಾಳೆ. ಶನಿವಾರವೇ ಹೇಳುವಾ."

ಶನಿವಾರ ಬರಲಿಲ್ಲ. ಗುರುವಾರ ಚಹಾ ಕುಡಿಯುತ್ತಾ ಎದೆ ಹಿಡಿದುಕೊಂಡು ಕುಸಿದರು. ಆಟೊ ಬರುವ ಮೊದಲೇ ಎಲ್ಲ ಮುಗಿದಿತ್ತು.

ಏಳನೇ ದಿನದ ಪೂಜೆ ಕಳೆದ ಮೇಲೆ ಬಾಯಿ ಅಡುಗೆಮನೆಯ ಮೂಲೆಯಲ್ಲಿದ್ದ ಕೆಗ್ಗನ್ನು ಬಟ್ಟೆಯಿಂದ ಒರೆಸಿದರು. ನಂತರ ಪಕ್ಕದ ಮನೆಯ ವಾಮನ ಪೂಜಾರಿಯನ್ನು ಕರೆದರು. ಬಸ್ ಓಡಿಸಿ ನಿವೃತ್ತನಾದ ವಾಮನಣ್ಣ ಪೊರ್ಬುಗಳ ಜೀವದ ಗೆಳೆಯ.

"ವಾಮನಣ್ಣ, ಇದು ಅವರು ಮಾಡಿದ ಕೊನೆಯದ್ದು. ತಿಂಗಳ ಪೂಜೆಗೆ ಅವರ ಫ್ರೆಂಡ್ಸ್ ಎಲ್ಲ ಬರ್ತಾರಲ್ಲ, ಒಬ್ಬೊಬ್ಬರಿಗೆ ಒಂದೊಂದು ಬಾಟ್ಲಿ ಕೊಡ್ಬೇಕು. ಅವರು ಕೊಡ್ತಿದ್ದ ಹಾಗೆಯೇ. ನನಗೆ ಬೇರೆ ಎಂತದೂ ಬೇಡ."

"ಆಯ್ತು ಬಾಯಮ್ಮ. ತುಂಬಿಸುವಾ" ಎಂದ ವಾಮನಣ್ಣ. ಕೆಗ್ಗಿನ ಬಗ್ಗೆ ಅವನಿಗೂ ಏನೇನೂ ಗೊತ್ತಿರಲಿಲ್ಲ.

ಬಾಯಿ ಎಂದಿನಂತೆ ಸಕ್ಕರೆ ಡಬ್ಬಿ ಹಿಡಿದು ಬಂದರು. ಅಯ್ಯೋ, ಬೇಡ ಬೇಡ ಎಂದು ನನ್ನ ಜೀವ ಹೊಡೆದುಕೊಂಡಿತು. ಗಾಜಿಗೆ ಬಾಯಿ ಇದೆ, ಮಾತಿಲ್ಲ. ಮೂವತ್ತೊಂದು ಬಾಟಲಿಗಳಿಗೂ ಒಂದೊಂದು ಚಮಚ ಬಿತ್ತು. ವಾಮನಣ್ಣ ಕೆಗ್ಗಿನ ನಲ್ಲಿಗೆ ಪೈಪು ಸಿಕ್ಕಿಸಿ ತಿರುಗಿಸಿದ್ದೇ ತಡ, ನೊರೆ ಭುಸ್ಸೆಂದು ಎದ್ದು ಅವನ ಮೀಸೆ, ಕನ್ನಡಕ, ಗೋಡೆಯ ಕ್ಯಾಲೆಂಡರ್ ಎಲ್ಲ ತೊಯ್ದು ಹೋಯಿತು. "ಅಬ್ಬಬ್ಬಾ! ನಮ್ಮ ಅಜ್ಜನ ಕಳ್ಳು ಸಹ ಹೀಗೆ ಉಕ್ಕುತ್ತಿರಲಿಲ್ಲ!" ಎಂದ. ಪೊರ್ಬುಗಳು ಹೋದ ಮೇಲಿನ ಹನ್ನೊಂದು ದಿನದಲ್ಲಿ ಮೊದಲ ಸಲ ಸೆವ್ರಿನ್ ಬಾಯಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು.

ವಾಮನಣ್ಣ ಸ್ಕೂಟರಿನಲ್ಲಿ ಮೀನುದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ ಮೀನಿನವರ ಹತ್ತಿರ ಐಸ್ ತಂದ. ಬಂಗುಡೆಯ ವಾಸನೆ ಹೊಡೆಯುವ ಆ ಐಸಿನಲ್ಲಿ ನಮ್ಮನ್ನು ಕತ್ತಿನ ತನಕ ಹುಗಿದರು. ಪೈಪನ್ನು ನಮ್ಮ ಬುಡಕ್ಕೆ ಮುಟ್ಟಿಸಿ, ನಲ್ಲಿಯನ್ನು ಸ್ವಲ್ಪವೇ ಬಿಟ್ಟರು. ಈಗ ಬಿಯರ್ ಮೆಲ್ಲಗೆ ಏರಿತು. ಆದರೂ ಸಕ್ಕರೆ ತಾಗಿದಾಗ ನೊರೆ ಬುಸುಗುಟ್ಟುತ್ತಲೇ ಇತ್ತು.

"ಈ ಸಕ್ಕರೆ ಬೇಕೇ ಬೇಕಾ ಬಾಯಮ್ಮ?"

"ಬೇಕು ವಾಮನಣ್ಣ. ಅದು ನನ್ನ ಕೆಲಸ ಅಲ್ವಾ. ಅದಿಲ್ಲದಿದ್ರೆ ಬರೀ ಕಷಾಯ ಅಂತ ಅವರೇ ಹೇಳ್ತಿದ್ರು."

ವಾಮನಣ್ಣ ಮುಂದಿನ ಬಾಟಲಿಗೆ ಪೈಪು ಇಳಿಸಿದ. ಕೊನೆಯ ಮುಚ್ಚಳ ಒತ್ತಿದ ಮೇಲೆ ಬಾಯಿ ನಮ್ಮೆಲ್ಲರನ್ನೂ ಒರೆಸಿ ಕಪಾಟಿನಲ್ಲಿಟ್ಟು ಶಿಲುಬೆಯ ಗುರುತು ಮಾಡಿದರು.

ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ನನಗೆ ಎರಡನೇ ದಿನವೇ ತಿಳಿಯಿತು. ಗ್ಯಾಸ್ ತುಂಬಿ ಬಂದ ಬಿಯರು, ಅದರ ಮೇಲೆ ಯೀಸ್ಟು ಸಕ್ಕರೆ ತಿಂದು ಮಾಡುವ ಹೊಸ ಗ್ಯಾಸು. ಕಡಲ ದಡದ ಸೆಕೆ ಬೇರೆ. ಹತ್ತನೇ ದಿನ ಮಧ್ಯಾಹ್ನ ನನ್ನ ಪಕ್ಕದಲ್ಲಿದ್ದವನು ಢಮ್ಮೆಂದು ಸಿಡಿದ. ಬೆಕ್ಕು ಬೀಳಿಸಿತೆಂದು ಬಾಯಿ ಓಡಿ ಬಂದರು. ಕಪಾಟಿನ ತುಂಬ ಗಾಜು, ನೆಲದ ತುಂಬ ಬಿಯರು. ಮರುದಿನ ನಾಲ್ಕು ಸಿಡಿದವು. ಅದರ ಮರುದಿನ ಆರು. ಆಮೇಲಿನ ದಿನಗಳಲ್ಲಿ ಇನ್ನೂ ಎಂಟು. ಒಂಬತ್ತು ವರ್ಷ ಒಟ್ಟಿಗೆ ಬಾಳಿದವರು ನನ್ನ ಕಣ್ಣೆದುರೇ ಚೂರುಚೂರಾದರು. ಬಾಯಿ ಒಂದೊಂದು ಚೂರನ್ನೂ ಹೆಕ್ಕುತ್ತಾ, ನೆಲ ಒರೆಸಿದ ಬಟ್ಟೆಯನ್ನು ಹಿಂಡದೆ ಮುಖಕ್ಕೆ ಹಿಡಿದುಕೊಂಡು ಕೂರುತ್ತಿದ್ದರು. ಆ ದೃಶ್ಯ ಯಾವ ವೈರಿಗೂ ಬೇಡ.

ಪೂಜೆಗೆ ಮೂರು ದಿನ ಇರುವಾಗ ಉಮಾನಾಥ ಕೆಗ್ ಒಯ್ಯಲು ಬಂದ. ಬಾಯಿ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗಿದ್ದರು, ಮನೆಯಲ್ಲಿ ವಾಮನಣ್ಣ ಇದ್ದ. ಒಡೆದ ಗಾಜು ನೋಡಿ ಉಮಾನಾಥ ಹೌಹಾರಿದ.

"ಕೆಗ್ಗಿನ ಬಿಯರ್‌ಗೆ ಸಕ್ಕರೆ ಹಾಕಿದ್ರಾ? ಅದರಲ್ಲಿ ಗ್ಯಾಸ್ ಮೊದಲೇ ಇತ್ತಲ್ಲ ಮಾರಾಯ್ರೆ! ಉಳಿದದ್ದೂ ಒಡಿತದೆ. ಯಾರು ಹಾಕಿದ್ದು?"

ವಾಮನಣ್ಣ ಮೆಟ್ಟಿಲ ಮೇಲೆ ಕೂತ. ಅಷ್ಟರಲ್ಲಿ ಬಾಯಿ ಗೇಟು ದಾಟಿ ಬಂದರು. ಇಬ್ಬರ ಮುಖವನ್ನೂ ನೋಡಿದರು.

"ಉಮಾನಾಥ, ನೀವು ಗೊತ್ತಿದ್ದವರು. ನಿಜ ಹೇಳಿ. ನನ್ನ ಕೈಯಿಂದ ಎಂತದಾದ್ರೂ ತಪ್ಪಾಯ್ತಾ? ಸಕ್ಕರೆ ಜಾಸ್ತಿ ಆಯ್ತಾ?"

ವಾಮನಣ್ಣ ತಟ್ಟನೆ ಎದ್ದು ನಿಂತ. "ಸಕ್ಕರೆ ಎಂತದೂ ಅಲ್ಲ ಬಾಯಮ್ಮ. ಬಾಟ್ಲಿಯದ್ದು ತಪ್ಪು. ಗುಜರಿ ಬಾಟ್ಲಿ ಅಲ್ವಾ, ಗಾಜು ಸವೆದು ಹೋಗಿದೆ. ಇವರೂ ಈಗ ಅದನ್ನೇ ಹೇಳಿದ್ದು."

ಉಮಾನಾಥ ಅವನನ್ನೊಮ್ಮೆ, ಬಾಯಿಯನ್ನೊಮ್ಮೆ ನೋಡಿದ. "ಹೌದು ಬಾಯಮ್ಮ. ಗಾಜಿನದ್ದೇ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಗಾಜು ಸವೆದದ್ದು? ಇಷ್ಟು ದಿನ ಹಲ್ಲು ಕಚ್ಚಿ ತಡೆದುಕೊಂಡವರ ಮೇಲೆ ಇದೆಂಥ ಅಪವಾದ! ನನಗೆ ಮಾತು ಬಂದಿದ್ದರೆ ಇಬ್ಬರಿಗೂ ಸರಿಯಾಗಿ ಕೊಡುತ್ತಿದ್ದೆ. ಆಗ ಸೆವ್ರಿನ್ ಬಾಯಿ ಗೋಡೆಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು.

"ದೇವರೇ! ನಾನೇ ಹಾಳು ಮಾಡಿದೆ ಅಂತ ಇಷ್ಟು ದಿನ ಗಂಟಲಲ್ಲಿ ಗಂಜಿ ಇಳಿಯಲಿಲ್ಲ ವಾಮನಣ್ಣ."

ನನ್ನ ಕೋಪ ಅಲ್ಲಿಗೇ ಇಳಿಯಿತು.

ಆ ದಿನವೇ ಉಳಿದ ಹನ್ನೆರಡು ಬಾಟಲಿಗಳನ್ನು ಅಂಗಳದಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಉಮಾನಾಥ ಒಂದೊಂದೇ ಮುಚ್ಚಳ ತೆಗೆದ. ಬಿಯರು ನೊರೆಯಾಗಿ ಹಾರಿ ಅಂಗಳದ ಮಣ್ಣಿಗೆ ಇಳಿಯಿತು. ನನ್ನೊಳಗಿನದೂ ಹೋಯಿತು. ತಳದಲ್ಲಿ ಉಳಿದದ್ದನ್ನೆಲ್ಲ ಒಂದು ಚೊಂಬಿಗೆ ಬಸಿದು ಫ್ರಿಜ್ಜಿನಲ್ಲಿಟ್ಟರು. ಪೂಜೆಯ ದಿನ ಗೆಳೆಯರಿಗೆ ಸಿಕ್ಕಿದ್ದು ಒಬ್ಬೊಬ್ಬರಿಗೆ ಎರಡು ಗುಟುಕು. ಗ್ಯಾಸಿಲ್ಲ, ನೊರೆಯಿಲ್ಲ. ಯಾರ ಕೈಯಲ್ಲೂ ಬಾಟಲಿ ಇರಲಿಲ್ಲ. ಬಾಗಿಲಲ್ಲಿ ನಿಂತು ಬೀಳ್ಕೊಡುತ್ತಿದ್ದ ಬಾಯಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಮರುವಾರ ಗುಜರಿಯವನು ಬಂದ. ಬಾಯಿ ನಮ್ಮನ್ನು ಅವನ ಗೋಣಿಗೆ ತಾವೇ ಹಾಕಿದರು. "ಇವುಗಳನ್ನು ತುಂಬಿಸ್ಲಿಕ್ಕೆ ಯಾರಿಗೂ ಕೊಡ್ಬೇಡಿ, ಒಡೆದೇ ಹಾಕಿ. ನಮ್ಮವರ ಕೊನೆಯ ಬಿಯರ್ ಹಾಳು ಮಾಡಿದ್ದು ಇವೇ" ಎಂದರು. ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಈಗ ನಾನು ಗಾಜಿನ ರಾಶಿಯಲ್ಲಿದ್ದೇನೆ. ಕತ್ತು ಮುರಿದಿದೆ. ಲಾರಿ ಬಂದರೆ ಮತ್ತೆ ಕುಲುಮೆಗೆ ಹೋಗುವುದು. ಹೋಗುವ ಮೊದಲು ಯಾರಿಗಾದರೂ ಹೇಳಿ ಹಗುರಾಗಬೇಕು ಅನ್ನಿಸಿತು, ನಿಮಗೆ ಹೇಳಿದೆ. ಜೆಪ್ಪುವಿನ ಕಡೆ ಹೋದರೆ ದಯವಿಟ್ಟು ಈ ಗುಟ್ಟು ಬಿಟ್ಟುಕೊಡಬೇಡಿ. ಸೆವ್ರಿನ್ ಬಾಯಿ ಕೇಳಿದರೆ ಬಾಟಲಿಯದ್ದೇ ತಪ್ಪು ಎನ್ನಿ. ಬಾಟಲಿಯೇ ಒಪ್ಪಿಕೊಂಡಿತು ಎನ್ನಿ.